ಬರೆಯದೆ ಬಿಟ್ಟ ಬೆಕ್ಕು

ಜೂನ್ 6

ಚೂಟಿ,

ಹೇಗಿದ್ದೀಯಮ್ಮ? ಅಳಿಯಂದಿರ ಬೆನ್ನುನೋವು ಇಳಿಯಿತೇ? ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ಮಲಗಿ ಬಂದ ನೋವದು. ಮನೆಗೆ ಬಂದಾದರೂ ನಾನು ಹೊಲಿದು ಕೊಟ್ಟ ದಪ್ಪ ಹಾಸಿಗೆಯ ಮೇಲೆ ಮಲಗಲಿ, ಸೆಖೆ ಎಂದು ನೆಲಕ್ಕೆ ಬೀಳುವುದು ಬೇಡ. ಲಾಂಡ್ರಿಯಲ್ಲಿ ನಿನ್ನ ಜೊತೆ ಬಟ್ಟೆ ಮಡಚುವ ಆ ಬಾಯಿಬಡುಕಿ ಹೇಗಿದ್ದಾಳೆ? ನಿನ್ನ ಕೈಯ ಚರ್ಮ ಸೋಪಿನ ನೀರಿಗೆ ಸುಲಿಯುತ್ತಿತ್ತಲ್ಲ, ಮುಲಾಮು ಹಚ್ಚುತ್ತಿದ್ದೀಯೋ ಇಲ್ಲ ಡಬ್ಬಿಯನ್ನು ಕಪಾಟಿನಲ್ಲಿಟ್ಟು ನೋಡಿಕೊಂಡು ಕೂತಿದ್ದೀಯೋ?

ಇಲ್ಲಿ ನಾವಿಬ್ಬರೂ ಇದ್ದೇವೆ. ನಿನ್ನ ದೊಡ್ಡಪ್ಪನ ಬಲಗಿವಿ ಪೂರ್ತಿ ರಜೆ ಹಾಕಿದೆ. ಎಡಗಿವಿ ಅರ್ಧ ದಿನದ ಕೆಲಸ ಮಾಡುತ್ತದೆ, ಅದೂ ಊಟಕ್ಕೆ ಕರೆದಾಗ. ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕೇನೂ ಕಡಿಮೆಯಿಲ್ಲ, ಜನ ಮಲಗುವುದನ್ನು ಬಿಟ್ಟಿಲ್ಲವಲ್ಲ. ಆದರೆ ಹೋದ ವಾರ ಒಂದು ಗಡವ ಬೆಕ್ಕು ಒಳಗೆ ನುಗ್ಗಿ, ನಾನು ಹಿಂಜಿಟ್ಟ ಹತ್ತಿಯ ರಾಶಿಯ ಮೇಲೆ ತನ್ನ ಕೆಲಸ ಮುಗಿಸಿ ಹೋಯಿತು. ಒಂದು ಹಾಸಿಗೆಯಷ್ಟು ಹತ್ತಿ ಎಸೆದೆ. ಹತ್ತಿ ಬಡಿಯುವ ಬಡಿಗೋಲು ಹಿಡಿದು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಹೋದೆ. ಎದುರಂಗಡಿಯ ಗಡಿಯಾರದವನು, "ಏನಕ್ಕಾ, ಈ ವಯಸ್ಸಲ್ಲಿ ಓಟದ ಪಂದ್ಯಾನಾ?" ಅಂದ. "ಹೂಂ ಕಣೋ, ಬೆಕ್ಕು ಗೆದ್ದಿತು, ಬಹುಮಾನ ನೀನೇ ಕೊಡು" ಅಂದೆ. ನಿನಗೆ ಗೊತ್ತೇ ಇದೆ, ಬೆಕ್ಕು ಎಂದರೆ ನನಗೆ ಮೈಯೆಲ್ಲ ಉರಿ.

ಚೂಟಿ, ಹೋದ ಚಳಿಗಾಲದಲ್ಲಿ ನಿನ್ನ ಕೂಸು ಹುಟ್ಟಿ, ಆಸ್ಪತ್ರೆಯಿಂದ ಮನೆಗೂ ಬರದೆ ಹೋದ ಮೇಲೆ ನೀನು ಬರೆದ ಕಾಗದಗಳನ್ನೆಲ್ಲ ಸೇರಿಸಿದರೂ ಒಂದು ಪುಟ ತುಂಬುವುದಿಲ್ಲ. ಆ ವಿಷಯ ನಾನು ಎತ್ತುವುದಿಲ್ಲ. ಬೇರೆ ಏನಾದರೂ ಬರಿ. ಲಾಂಡ್ರಿಯಲ್ಲಿ ಯಾರು ಯಾರ ಮೇಲೆ ಕೂಗಾಡಿದರು, ಅಷ್ಟಾದರೂ ಬರಿ. ಫೋನು ಮಾಡಬಾರದೇ ಎನ್ನಬೇಡ. ಫೋನು ಹಿಡಿದರೆ "ಹಾಂ, ಚೆನ್ನಾಗಿದ್ದೀನಿ" ಎನ್ನುವುದಕ್ಕಿಂತ ಮುಂದೆ ನನಗೆ ಮಾತು ಹುಟ್ಟುವುದಿಲ್ಲ. ಸಿಮೆಂಟು ಚೀಲದ ಮೇಲಿನ ಅಕ್ಷರ ನೋಡಿ ನೋಡಿ ಓದು ಕಲಿತವಳು ನಾನು. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಉಪಯೋಗಿಸಬೇಡವೇ?

ನಿನ್ನ ದೊಡ್ಡಮ್ಮ


ಜೂನ್ 12

ದೊಡ್ಡಮ್ಮ,

ಊಟದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಕಾಗದ ಬೆಚ್ಚಗಿದೆ, ನಿನಗೆ ತಲುಪುವಾಗ ಆರಿರುತ್ತದೆ. ಇವರ ಬೆನ್ನು ಹಾಗೇ ಇದೆ. ಬಾಯಿಬಡುಕಿಯ ಬಾಯಿಯೂ ಹಾಗೇ ಇದೆ.

ಒಂದು ಸುದ್ದಿ. ಮನೆಗೊಂದು ಮರಿ ಬಂದಿದೆ.

ಲಾಂಡ್ರಿಯ ಹಿಂದೆ ಬಾಯ್ಲರಿನ ಗೋಡೆ ಯಾವಾಗಲೂ ಬೆಚ್ಚಗಿರುತ್ತದೆ. ಅಲ್ಲೊಂದು ರಟ್ಟಿನ ಡಬ್ಬದಲ್ಲಿತ್ತು. ಸುತ್ತ ಯಾರೂ ಇಲ್ಲ. ಮಧ್ಯಾಹ್ನದವರೆಗೆ ಹೋಗಿ ಹೋಗಿ ನೋಡಿದೆ, ಯಾರೂ ಬರಲಿಲ್ಲ. ಒಗೆಯಲು ಬಂದಿದ್ದ ಹೋಟೆಲಿನವರ ಹರಿದ ಟವೆಲಿನಲ್ಲಿ ಸುತ್ತಿ ತಂದುಬಿಟ್ಟೆ. ಇವರು ಬಾಗಿಲಲ್ಲೇ ನಿಲ್ಲಿಸಿ, "ಏನೇ ಇದು, ನನ್ನನ್ನ ಒಂದು ಮಾತು ಕೇಳೋದಲ್ವಾ?" ಅಂದರು. ಆಮೇಲೆ ಹಾಲು ತರಲು ಅವರೇ ಓಡಿದರು.

ಬಂದ ಗಳಿಗೆಯಲ್ಲೇ ಮಂಚದ ಕೆಳಗೆ ನುಗ್ಗಿ ಮೂಲೆ ಹಿಡಿದಿದೆ. ನಾವು ಕೋಣೆಯಲ್ಲಿದ್ದರೆ ಹಾಲು ಮುಟ್ಟುವುದಿಲ್ಲ. ಬಾಗಿಲು ಎಳೆದುಕೊಂಡು ಆಚೆ ನಿಂತರೆ ಕುಡಿಯುವ ಸದ್ದು ಕೇಳಿಸುತ್ತದೆ. ಕೈ ಚಾಚಿದರೆ ಕಚ್ಚುತ್ತದೆ, ನನ್ನ ಹೆಬ್ಬೆರಳು ಊದಿಕೊಂಡಿದೆ. ಮುಖ ಇಷ್ಟೇ ಇಷ್ಟು, ಇರುವುದೆಲ್ಲ ಕಣ್ಣು.

ಬೈಯಬೇಡ. ನಿನಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು. ಆದರೆ ಕೇಳೋಣವೆಂದರೆ ನಿನ್ನ ಬಿಟ್ಟು ನನಗೆ ಯಾರಿದ್ದಾರೆ? ಹೆದರಿದ್ದನ್ನು ಹತ್ತಿರ ಮಾಡಿಕೊಳ್ಳುವುದು ಹೇಗೆ?

ಬಿಡುವು ಮುಗಿಯಿತು.

ಚೂಟಿ


ಜೂನ್ 18

ನನ್ನ ಚೂಟಿ,

ನನಗೆ ಇಷ್ಟವಾಗುವುದಿಲ್ಲ ಎಂದು ಯಾರು ಹೇಳಿದರು ನಿನಗೆ? ಯಾರ ಹೊಟ್ಟೆಯಲ್ಲಿ ಹುಟ್ಟಿದರೇನು, ಹಸಿವು ಎಲ್ಲರದೂ ಒಂದೇ. ನಿನ್ನ ಕಾಗದವನ್ನು ನಾನು ನಿಂತೇ ಓದಿದೆ. ಆಮೇಲೆ ಕೂತು ಓದಿದೆ. ನಿನ್ನ ದೊಡ್ಡಪ್ಪನ ಎಡಗಿವಿಗೆ ಬಾಯಿಟ್ಟು, "ಚೂಟಿ ಮನೆಗೆ ಮಗು ಬಂದಿದೆ!" ಎಂದು ಕೂಗಿದೆ. "ಯಾರ ಮನೆಗೆ ಯಾವ ನೆಗಡಿ ಬಂತು?" ಅಂದರು. ಮತ್ತೆ ಕೂಗಿದೆ. ಈ ಸಲ ಕೇಳಿಸಿತು. ಕನ್ನಡಕ ತೆಗೆದು ಒರೆಸುತ್ತಾ ಕೂತರು, ಎಷ್ಟು ಹೊತ್ತು ಒರೆಸಿದರೋ.

ರಟ್ಟಿನ ಡಬ್ಬದಲ್ಲಿ ಬಿಟ್ಟು ಹೋದಳಲ್ಲ, ಆ ತಾಯಿಗೆ ಎಂಥ ಕಷ್ಟ ಬಂದಿತ್ತೋ, ನಾನು ಬೈಯುವುದಿಲ್ಲ. ಸರ್ಕಾರಕ್ಕೆ ತಿಳಿಸುವುದು, ಕಾಗದಪತ್ರ, ಅದನ್ನೆಲ್ಲ ಅಳಿಯಂದಿರು ನೋಡಿಕೊಳ್ಳಲಿ. ಅದರಲ್ಲಿ ಸೋಮಾರಿತನ ಬೇಡ. ಅದಿರಲಿ, ಹೆಣ್ಣೋ ಗಂಡೋ? ಮರಿ ಮರಿ ಎಂದು ಮುದ್ದು ಮಾಡಿದ್ದೇ ಆಯಿತು, ಅದೊಂದನ್ನೂ ಬರೆದಿಲ್ಲ. ಮಂಚದ ಕೆಳಗೆ ತೆವಳುತ್ತದೆ ಎಂದರೆ ವರ್ಷ ತುಂಬಿರಬೇಕು. ಕಚ್ಚಿದರೆ ಬೆರಳು ಊದುತ್ತದೆ ಎಂದರೆ ಹಲ್ಲು ಚೆನ್ನಾಗಿ ಬಂದಿವೆ. ಸಂತೋಷ.

ಹೆದರಿದ್ದನ್ನು ಹತ್ತಿರ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀಯ. ಆ ಪ್ರಶ್ನೆಯನ್ನು ನೀನು ಕೇಳುತ್ತಿದ್ದೀಯಲ್ಲ, ಅದಕ್ಕೇ ನಗು ಬಂತು. ನಿನ್ನಮ್ಮ ಹೋದ ಮೇಲೆ ನಿನ್ನನ್ನು ಇಲ್ಲಿಗೆ ತಂದು ಬಿಟ್ಟಾಗ ನಿನಗೆ ನಾಲ್ಕು ವರ್ಷ. ಹತ್ತಿ ಮೂಟೆಗಳ ಹಿಂದೆ ಹೋಗಿ ಕೂತವಳು ಹೊರಗೆ ಬರಲೊಲ್ಲೆ. ನಿನ್ನ ದೊಡ್ಡಪ್ಪ ಎಳೆಯಲು ಹೋಗಿ ಮಣಿಕಟ್ಟಿಗೆ ಕಚ್ಚಿಸಿಕೊಂಡರು. "ಇದು ಹುಡುಗೀನೋ ಇಲಿ ಬೋನೋ" ಅಂದಿದ್ದರು. ನಾನು ಎಳೆಯಲಿಲ್ಲ. ಕರೆಯಲೂ ಇಲ್ಲ. ಮೂಟೆಗೆ ಬೆನ್ನು ಕೊಟ್ಟು ಕೂತು ನನ್ನ ಪಾಡಿಗೆ ದಬ್ಬಣದಲ್ಲಿ ಹೊಲಿಯುತ್ತಿದ್ದೆ. ಊಟದ ತಟ್ಟೆಯನ್ನು ನಿನ್ನ ಪಕ್ಕದಲ್ಲಿಟ್ಟು, ದಿನಕ್ಕೆ ಒಂದು ಗೇಣು ನನ್ನ ಕಡೆಗೆ ಎಳೆದುಕೊಳ್ಳುತ್ತಿದ್ದೆ. ಕಣ್ಣಿಗೆ ಕಣ್ಣು ಕೊಟ್ಟು ನೋಡಲಿಲ್ಲ. ಒಂದು ಮಧ್ಯಾಹ್ನ ಬೆನ್ನಿಗೆ ಏನೋ ಬೆಚ್ಚಗೆ ತಾಗಿತು. ನೀನು ಒರಗಿ ನಿದ್ದೆ ಹೋಗಿದ್ದೆ. ಸಂಜೆಯವರೆಗೆ ನಾನು ಅಲುಗಲಿಲ್ಲ. ಸೊಂಟ ಹಿಡಿದುಕೊಂಡಿತು, ಅದು ಬೇರೆ ಮಾತು.

ನೀನೂ ಹಾಗೇ ಮಾಡು. ನೀನು ಉಟ್ಟು ಬಿಟ್ಟ ಬಟ್ಟೆಯೊಂದನ್ನು ಒಗೆಯದೆ ಮಂಚದ ಕೆಳಗೆ ಇಡು, ನಿನ್ನ ವಾಸನೆ ಅಭ್ಯಾಸವಾಗಲಿ. ಅದರ ಹತ್ತಿರ ಕೂತು ಬೇರೆ ಕೆಲಸ ಮಾಡು. ಏನಾದರೂ ಗುನುಗುತ್ತಿರು, ನಿನ್ನ ರಾಗ ಕೇಳಿ ಓಡಿ ಹೋದರೆ ನಾನು ಜವಾಬ್ದಾರಳಲ್ಲ.

ಪುಟ್ಟ ಹಾಸಿಗೆಗೆ ಇವತ್ತೇ ಹತ್ತಿ ಹಿಂಜಲು ಕೂತಿದ್ದೇನೆ. ಬೀದಿಗೆಲ್ಲ ಸಿಹಿ ಹಂಚಿದೆ.

ದೊಡ್ಡಮ್ಮ


ಜೂನ್ 25

ದೊಡ್ಡಮ್ಮ,

ನಿನ್ನ ಕಾಗದ ಬಂತು. ಇವರ ಮುಂದೆ ಓದಿದೆ. ಇವರು ಕೈಯಿಂದ ತೆಗೆದುಕೊಂಡು ತಾವೂ ಒಮ್ಮೆ ಓದಿದರು.

ಹೆಣ್ಣು.

ಬಟ್ಟೆ ಇಟ್ಟೆ. ಬೆನ್ನು ಕೊಟ್ಟು ಕೂತೆ. ಲಾಂಡ್ರಿಯಿಂದ ಹರಿದ ದಿಂಬಿನ ಚೀಲಗಳನ್ನು ತಂದು ತೇಪೆ ಹಾಕುತ್ತೇನೆ. ಮೊದಲ ದಿನ ಮಂಚದ ಕೆಳಗೆ ಉಸಿರೂ ಕೇಳಲಿಲ್ಲ. ನಿನ್ನೆ ನನ್ನ ಸೆರಗಿನ ತುದಿ ಸ್ವಲ್ಪ ಅಲುಗಿತು. ತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ. ನೀನೂ ನೋಡಲಿಲ್ಲ ಅಂದೆಯಲ್ಲ, ಎಲ್ಲಕ್ಕಿಂತ ಕಷ್ಟ ಅದೇ.

ಹಾಸಿಗೆ ಕಳಿಸಬೇಡ, ದೊಡ್ಡಮ್ಮ. ನಿಜವಾಗಿ ಹೇಳುತ್ತಿದ್ದೇನೆ, ಬೇಡ. ಯಾರಿಗೂ ಇನ್ನು ಏನೂ ಹೇಳಬೇಡ. ನಿನಗೊಂದು ಮಾತು ಬರೆಯಬೇಕು. ಇವರೂ "ಈಗಲೇ ಬರಿ, ಇವತ್ತೇ ಬರಿ" ಎನ್ನುತ್ತಿದ್ದಾರೆ. ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಇವತ್ತು ಹೆಬ್ಬೆರಳು ನೋಯುತ್ತಿದೆ.

ದೊಡ್ಡಪ್ಪ ಕನ್ನಡಕ ಒರೆಸುತ್ತಾ ಕೂತಿದ್ದರು ಎಂದು ಬರೆದೆಯಲ್ಲ, ಅದನ್ನು ಬರೆಯಬಾರದಿತ್ತು ನೀನು.

ಚೂಟಿ


ಜುಲೈ 1

ಚೂಟಿ ತಾಯಿ,

ಹೆಣ್ಣು! ನಿನ್ನ ದೊಡ್ಡಪ್ಪ ಗಂಡು ಎಂದು ಪಣ ಕಟ್ಟಿದ್ದರು. ಒಂದು ವಾರ ಪಾತ್ರೆ ತೊಳೆಯುವುದು ಅವರ ಪಾಲು. ಈಗಲೇ ಒಂದು ಲೋಟ ಒಡೆದಾಯಿತು.

ಯಾರಿಗೂ ಹೇಳಬೇಡ ಎಂದು ನಿನ್ನ ಕಾಗದ ಬರುವ ಹೊತ್ತಿಗೆ ಹೇಳದೆ ಉಳಿದವರು ಇಬ್ಬರೇ. ಒಬ್ಬರು ಊರಲ್ಲಿರಲಿಲ್ಲ. ಇನ್ನೊಬ್ಬಳ ಜೊತೆ ನನಗೆ ಮಾತಿಲ್ಲ, ಅವಳಿಗೆ ಕೇಳುವ ಹಾಗೆ ಬೇರೆಯವರಿಗೆ ಗಟ್ಟಿಯಾಗಿ ಹೇಳಿದೆ. ಗಡಿಯಾರದವನು, "ಅಕ್ಕಾ, ಅಜ್ಜಿ ಆದ್ರಿ, ಇನ್ಮೇಲೆ ಬೆಕ್ಕಿನ ಹಿಂದೆ ಓಡೋದು ಚೆನ್ನಾಗಿರಲ್ಲ" ಎಂದು ಗೇಲಿ ಮಾಡುತ್ತಾನೆ. ಆಡಿಕೊಳ್ಳುವುದೇನೋ ಆಡಿಕೊಳ್ಳುತ್ತಾನೆ, ಮಗುವಿಗೆ ಎಂದು ಒಂದು ಪುಟ್ಟ ಮೇಜಿನ ಗಡಿಯಾರಕ್ಕೆ ಕೀಲಿ ಹಾಕಿ ನಡೆಸಿಟ್ಟಿದ್ದಾನೆ. ಸದ್ದು ಕೇಳಿದರೆ ಮಕ್ಕಳು ಬೇಗ ನಿದ್ದೆ ಹೋಗುತ್ತವಂತೆ.

ನೀನು ಯಾಕೆ ಹೇಳಬೇಡ ಎನ್ನುತ್ತೀಯೋ ನನಗೆ ತಿಳಿಯದೇ? ಇದೂ ಕೈ ತಪ್ಪೀತು ಎಂದು ಹೆದರಿಕೆ. ಸಂತೋಷವನ್ನು ಮಂಚದ ಕೆಳಗೆ ಬಚ್ಚಿಟ್ಟರೆ ಅದೂ ನಿನ್ನ ಮರಿಯ ಹಾಗೆ ಕಚ್ಚಲು ಕಲಿಯುತ್ತದೆ. ಹೆದರಬೇಡ. ಬರೆಯಬೇಕಾದ ಮಾತು ಏನಿದ್ದರೂ ನಿಧಾನಕ್ಕೆ ಬರಿ, ಕಾಗದಪತ್ರದ ತೊಂದರೆಯಾದರೆ ಅಳಿಯಂದಿರು ಬರೆಯಲಿ.

ಹಾಸಿಗೆ ನಿನ್ನೆಯೇ ಪಾರ್ಸೆಲಿಗೆ ಹಾಕಿದೆ. ಹೊಸ ಹತ್ತಿ, ಬೀಜ ಒಂದೂ ಉಳಿಯದ ಹಾಗೆ ಆರಿಸಿದ್ದೇನೆ. ಎಳೆಯ ಮೈಗೆ ಒತ್ತಬಾರದು ಎಂದು ಗಂಟುಗಳನ್ನೆಲ್ಲ ಕೆಳಬದಿಗೆ ಹಾಕಿದ್ದೇನೆ. ಹೋದ ಚಳಿಗಾಲದಲ್ಲಿ ಹೊಲಿದಿದ್ದೆನಲ್ಲ, ಅಷ್ಟೇ ಅಳತೆ. ಬೇರೆ ಅಳತೆ ಕೈಗೆ ಬರಲಿಲ್ಲ.

ದೊಡ್ಡಮ್ಮ


ಜುಲೈ 10

ದೊಡ್ಡಮ್ಮ,

ಹಾಸಿಗೆ ಬಂದು ಎರಡು ದಿನ ಬಾಗಿಲ ಪಕ್ಕದಲ್ಲೇ ಇತ್ತು. ನನಗೆ ಹಗ್ಗ ಬಿಚ್ಚಲು ಆಗಲಿಲ್ಲ. ಇವರು ಬಿಚ್ಚಿ, ಮಂಚದ ಕೆಳಗೆ ತಳ್ಳಿ ಕೆಲಸಕ್ಕೆ ಹೋದರು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಅದರ ಮೇಲಿತ್ತು. ಎರಡೂ ಕೈಗಳಿಂದ ಹಾಸಿಗೆಯನ್ನು ಹಿಟ್ಟು ನಾದಿದ ಹಾಗೆ ನಾದುತ್ತಿತ್ತು. ಒಂದು ಕೈ, ಇನ್ನೊಂದು ಕೈ. ಗಂಟಲೊಳಗೆ ಏನೋ ಸಣ್ಣ ಸದ್ದು. ನಾನು ನೆಲದ ಮೇಲೆ ಮಲಗಿ, ಮುಖ ಆಚೆ ತಿರುಗಿಸಿ, ಹಾಸಿಗೆಯ ಅಂಚಿಗೆ ಕೈ ಇಟ್ಟೆ. ನಾದುವುದು ನಿಂತಿತು. ತುಂಬಾ ಹೊತ್ತಾದ ಮೇಲೆ ಬೆನ್ನು ನನ್ನ ಕೈಗೆ ತಾಗಿತು. ಓಡಲಿಲ್ಲ. ಈಗ ನನ್ನ ಎದುರಿಗೇ ಹಾಲು ಕುಡಿಯುತ್ತದೆ. ನಿನ್ನೆ ಮಡಿಲಿಗೆ ಬಂತು. ನಾನು ಕೆಲಸಕ್ಕೆ ತಡವಾಗಿ ಹೋದೆ.

ಇದು ಸಂತೋಷದ ಕಾಗದವಾಗಬೇಕಿತ್ತು. ಆದರೆ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಅದರ ತಾಯಿ ಬಂದಿದೆ.

ಈಗ ಬಂದದ್ದಲ್ಲ. ನಾನು ತಂದ ಮೂರನೇ ದಿನದಿಂದಲೇ ಬರುತ್ತಿದೆ. ಬಾಯ್ಲರಿನ ಗೋಡೆಯ ಹತ್ತಿರ, ಡಬ್ಬ ಇದ್ದ ಜಾಗದಲ್ಲೇ ಸುತ್ತಿ ಸುತ್ತಿ ಕೂಗುತ್ತಿತ್ತು. ಮೈಯಲ್ಲಿ ಎಲುಬು ಎಣಿಸಬಹುದು. ಬಿಟ್ಟು ಹೋಗಿರಲೇ ಇಲ್ಲ, ದೊಡ್ಡಮ್ಮ. ಹೊಟ್ಟೆಪಾಡಿಗೆ ಹೋಗಿದ್ದು, ಬರುವುದು ತಡವಾಗಿದೆ, ಅಷ್ಟೇ. ಕೂಗು ಕೇಳಿದಾಗಲೆಲ್ಲ ನಾನು ದೊಡ್ಡ ಒಣಗಿಸುವ ಯಂತ್ರ ಚಾಲೂ ಮಾಡುತ್ತಿದ್ದೆ. ಈಗ ಕೂಗುವುದೂ ಇಲ್ಲ. ಬಂದು ಸುಮ್ಮನೆ ಕೂರುತ್ತದೆ. ಬಾಯಿಬಡುಕಿ ಎಲ್ಲರ ಮುಂದೆ, "ತಂದು ಸಾಕ್ತಾ ಇದ್ದೀನಿ ಅಂತೀಯಲ್ಲ, ಕದ್ದು ಸಾಕ್ತಾ ಇದ್ದೀನಿ ಅನ್ನು" ಅಂದಳು. ನಾನು ಮಡಚಿಟ್ಟ ಚಾದರವನ್ನೇ ಬಿಚ್ಚಿ ಮತ್ತೆ ಮಡಚಿದೆ.

ಚೂಟಿ


ಜುಲೈ 15

ಚೂಟಿ,

ನಿನ್ನ ಕಾಗದದ ಮೊದಲರ್ಧ ಓದಿ ನಿನ್ನ ದೊಡ್ಡಪ್ಪನಿಗೆ ಕೂಗಿ ಹೇಳಿದೆ. ಉಳಿದರ್ಧ ಅವರಿಗೆ ಹೇಳಿಲ್ಲ.

ಮೊದಲು ಒಂದು ಮಾತು. ಹೆತ್ತವಳನ್ನು "ಬಂದಿದೆ", "ಕೂಗುತ್ತಿತ್ತು", "ಕೂರುತ್ತದೆ" ಎಂದು ಬರೆದಿದ್ದೀಯಲ್ಲ, ಅವಳೇನು ದನವೇ? ಬಡವಳು, ಬೀದಿಯವಳು, ಮೈಯಲ್ಲಿ ಎಲುಬು ಬಿಟ್ಟವಳು, ಇರಬಹುದು. ನಾನು ಶಾಲೆಗೆ ಹೋದವಳಲ್ಲ, ಆದರೂ ಇಷ್ಟು ಬಲ್ಲೆ: ಒಬ್ಬಳನ್ನು "ಅದು" ಎಂದು ಕರೆದರೆ ಅವಳದ್ದನ್ನು ಕಿತ್ತುಕೊಳ್ಳುವುದು ಸುಲಭವಾಗುತ್ತದೆ. "ಬಂದಿದ್ದಾಳೆ" ಎಂದು ತಿದ್ದಿ ನನಗೆ ಮತ್ತೆ ಬರಿ.

ಅವಳು ಮಗುವಿಗಾಗಿ ಕೂಗುತ್ತಿದ್ದರೆ ನೀನು ಯಂತ್ರ ಚಾಲೂ ಮಾಡಿದೆಯಾ? ಈ ಸಾಲನ್ನು ನಾನು ಬೆರಳಿಟ್ಟು ಓದಿದೆ, ತಪ್ಪು ಓದಿದೆನೇನೋ ಎಂದು. ಮೂಟೆಯ ಹಿಂದಿನಿಂದ ನೀನು ನಿನ್ನಮ್ಮನನ್ನು ಕರೆಯುತ್ತಿದ್ದಾಗ ನಾನು ಬಡಿಗೋಲಿನ ಸದ್ದು ಮಾಡಲಿಲ್ಲ. ಕೆಲಸ ನಿಲ್ಲಿಸುತ್ತಿದ್ದೆ.

ನಿನಗೆ ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತು. ನನಗೂ ಬೇಕಾಗಿದೆ, ನಿನಗೆ ಹೇಳಲಾಗದಷ್ಟು ಬೇಕಾಗಿದೆ. ಆದರೂ ಹೇಳುತ್ತೇನೆ. ಹೆತ್ತವಳು ಬಂದು ಕೂತರೆ ಮಗುವನ್ನು ಅವಳ ಮುಂದೆ ಇಡಬೇಕು. ಇಟ್ಟ ಮೇಲೆ ಏನಾಗುತ್ತದೋ ಆಗಲಿ. ಇಡದೆ ಸಾಕಿದರೆ ಆ ಮಗುವಿನ ಮುಖವನ್ನು ನೀನು ನೆಟ್ಟಗೆ ನೋಡಲಾರೆ.

ಟಿಕೆಟ್ಟು ತೆಗೆಸಿದ್ದೇನೆ. ಇಪ್ಪತ್ತೆಂಟರ ಬೆಳಗಿನ ಗಾಡಿ. ಅವಳ ಹತ್ತಿರ ನಾನೇ ಮಾತಾಡುತ್ತೇನೆ, ಹೆಂಗಸರಿಗೆ ಹೆಂಗಸರ ಕಷ್ಟ ತಿಳಿಯುತ್ತದೆ. ಒಂದೇ ಮನೆಯಲ್ಲಿ ತಾಯಿ ಮಗು ಇಬ್ಬರಿಗೂ ಜಾಗವಾದೀತೇನೋ ನೋಡೋಣ.

ದೊಡ್ಡಮ್ಮ


ಜುಲೈ 20

ದೊಡ್ಡಮ್ಮ,

ಬರಬೇಡ. ಬಂದರೆ ಮಾತಾಡಲು ಯಾರೂ ಇಲ್ಲ.

ಅದು ಬೆಕ್ಕಿನ ಮರಿ.

ಮೊದಲ ಕಾಗದದಲ್ಲಿ "ಬೆಕ್ಕಿನ" ಎಂದು ಬರೆಯಲು ಪೆನ್ನು ಇಟ್ಟೆ. ನೀನು ಕೋಲು ಹಿಡಿದು ಓಡಿದ್ದು ನೆನಪಾಯಿತು. ಬೈಯುತ್ತೀಯ ಎಂದು ಆ ಪದ ಬಿಟ್ಟೆ. ಮರಿ ಎಂದರೆ ಸಾಕು, ತಿಳಿಯುತ್ತದೆ, ನಾಲ್ಕು ಸಾಲು ಬೈದು ಆಮೇಲೆ ಉಪಾಯ ಹೇಳುತ್ತೀಯ ಎಂದುಕೊಂಡೆ. ನಿನ್ನ ಉತ್ತರ ಬಂದಾಗ ಇವರು, "ಇದು ತಮಾಷೆ ಅಲ್ಲ, ಇವತ್ತೇ ಬರಿ" ಅಂದರು. ದಿನಾ ಅಂದರು. ಒಂದು ದಿನ ಪೆನ್ನನ್ನು ಕೈಗೇ ಕೊಟ್ಟರು. ನಾನು ಅದನ್ನು ಎಸೆದೆ.

ನನ್ನ ಕಾಗದಗಳನ್ನು ಮತ್ತೆ ಓದು. ಮಗು ಎಂದು ಎಲ್ಲೂ ಬರೆದಿಲ್ಲ. ಬಂತು, ಕುಡಿಯಿತು, ಕಚ್ಚಿತು, ಮಡಿಲಿಗೆ ಬಂತು. ಮಗುವಿಗೂ ಅದೇ ಮಾತು, ಮರಿಗೂ ಅದೇ ಮಾತು. ಸುಳ್ಳು ಬರೆದಿಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. "ಬಂದಿದ್ದಾಳೆ" ಎಂದು ತಿದ್ದಿ ಬರಿ ಅಂದೆಯಲ್ಲ, ಹಾಳೆ ತೆಗೆದು ಕೂತೆ. ಆ ಒಂದು ಪದ ಬರೆದಿದ್ದರೆ ಇನ್ನೂ ಒಂದು ವಾರ ದೂಡಬಹುದಿತ್ತು. ಕೈ ಓಡಲಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ನನ್ನ ಮಗಳು ಹೋದ ಮೇಲೆ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡುತ್ತಾರೆ, ಹುಷಾರಿಲ್ಲದವರ ಕೋಣೆಯಲ್ಲಿ ಆಡುವ ಹಾಗೆ. ನೀನೂ ಹಾಗೇ ಬರೆಯುತ್ತಿದ್ದೆ. ಮಗು ಬಂತೆಂದು ನಂಬಿ ಬರೆದ ಆ ಕಾಗದದಲ್ಲಿ ನೀನು ಮೊದಲ ಸಲ ಗಟ್ಟಿಯಾಗಿ ನಕ್ಕೆ. ನನ್ನ ಮನೆಗೆ ಮಗು ಬಂದಿದೆ ಎಂದು ನಂಬಿದವರು ಈ ಲೋಕದಲ್ಲಿ ಒಬ್ಬರಾದರೂ ಇರಲಿ ಅನ್ನಿಸಿತು. ಅಷ್ಟೇ, ಬೇರೆ ಕಾರಣ ಇಲ್ಲ.

ನಿನ್ನ ಕಾಗದ ಬಂದ ಸಂಜೆಯೇ ಮರಿಯನ್ನು ಬಟ್ಟೆ ಬುಟ್ಟಿಯಲ್ಲಿಟ್ಟು ಬಾಯ್ಲರಿನ ಗೋಡೆಗೆ ಒಯ್ದೆ. ಹೆತ್ತವಳ ಮುಂದೆ ಇಡಬೇಕು ಎಂದೆಯಲ್ಲ, ಬೆಕ್ಕಿಗೂ ಆ ಮಾತು ಸಲ್ಲುತ್ತದೆ ಅನ್ನಿಸಿತು. ತಾಯಿ ಬೆಕ್ಕು ಬಂತು. ನಾನು ದೂರ ಹೋಗಿ ಬೆನ್ನು ತಿರುಗಿಸಿ ನಿಂತೆ, ತಡೆಯಲಾರದೆ ತಿರುಗಿ ನೋಡಿದೆ. ಅದು ಮರಿಯನ್ನು ಮೂಸಿತು. ತಲೆಯಿಂದ ಬಾಲದವರೆಗೆ ಮೂಸಿತು. ಆಮೇಲೆ ಹಿಂದೆ ಸರಿದು ಬುಸ್ ಎಂದಿತು, ತನ್ನ ಮರಿಗೇ. ನನ್ನ ಬಟ್ಟೆಯ ವಾಸನೆ, ಸೋಪಿನ ವಾಸನೆ, ನಿನ್ನ ಹತ್ತಿಯ ವಾಸನೆ. ಮರಿ ಮತ್ತೆ ಹತ್ತಿರ ಹೋಯಿತು. ತಾಯಿ ಪಂಜ ಎತ್ತಿ ಹೊಡೆದು, ಗೋಡೆ ಹಾರಿ ಹೋಯಿತು. ಅವತ್ತಿನಿಂದ ಬಂದಿಲ್ಲ.

ಮರಿ ಬುಟ್ಟಿಯೊಳಗೆ ತಾನಾಗಿ ಹೋಗಿ ಕೂತಿತು. ಅದನ್ನು ಹೊತ್ತು ತರುವಾಗ ನನಗೆ ಗೆದ್ದೆ ಅನ್ನಿಸಲಿಲ್ಲ. ಇಷ್ಟು ದಿನ ನಾನು ಒಂದು ಗೇಣು, ಒಂದು ಗೇಣು ಎಂದು ಹತ್ತಿರ ಎಳೆದುಕೊಂಡದ್ದೆಲ್ಲ ಅದನ್ನು ಅದರ ತಾಯಿಯಿಂದ ದೂರ ತಂದದ್ದು.

ಹಾಸಿಗೆಯನ್ನು ಒಗೆದು ಒಣಗಿಸಿ ವಾಪಸು ಕಳಿಸುತ್ತೇನೆ. ದೊಡ್ಡಪ್ಪನಿಗೆ ನೀನೇ ಹೇಳು. ಮೆತ್ತಗೆ ಹೇಳು.

ಚೂಟಿ


ಆಗಸ್ಟ್ 3

ದೊಡ್ಡಮ್ಮ,

ಬರಬೇಡ ಎಂದು ಬರೆದಿದ್ದೆ. ಆದರೂ ಇಪ್ಪತ್ತೆಂಟರ ಬೆಳಿಗ್ಗೆ ನಿಲ್ದಾಣಕ್ಕೆ ಹೋದೆ. ಗಾಡಿ ಬಂತು. ಹೋಯಿತು. ಮಧ್ಯಾಹ್ನದ ಗಾಡಿಗೂ ನಿಂತಿದ್ದೆ. ಹಳದಿ ಚೀಲ ಹಿಡಿದ ಒಬ್ಬ ಅಜ್ಜಿಯನ್ನು ನೀನೇ ಎಂದುಕೊಂಡು ಹಿಂದೆ ಓಡಿದೆ.

ಬೈದಾದರೂ ಬರಿ. ನಿನ್ನ ಬೈಗುಳ ನನಗೆ ಅಭ್ಯಾಸ. ಇದು ಅಭ್ಯಾಸವಿಲ್ಲ.

ಚೂಟಿ


ಆಗಸ್ಟ್ 21

ಚೂಟಿ,

ನಿಲ್ದಾಣದಲ್ಲಿ ಕಾದೆಯಂತೆ. ಕಾಯಬೇಡ ಎಂದು ಒಂದು ಸಾಲು ಬರೆಯುವಷ್ಟೂ ಕೈ ಬರಲಿಲ್ಲ ನನಗೆ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಕೆಲವು ಒಳ್ಳೆಯ ಬೈಗುಳಗಳೂ ಇದ್ದವು. ಹರಿದೆ.

ನೀನು ಮೆತ್ತಗೆ ಹೇಳು ಅಂದಿದ್ದೆ. ಕಿವಿ ಕೇಳದ ಗಂಡನಿಗೆ ಯಾವುದನ್ನಾದರೂ ಮೆತ್ತಗೆ ಹೇಳಲು ಸಾಧ್ಯವೇನೇ? ಅಂಗಡಿಯ ಬಾಗಿಲಲ್ಲಿ ಕಾಗದ ಓದಿ ಮುಗಿಸಿದಾಗ "ಏನಂತೆ?" ಅಂದರು. "ಬೆಕ್ಕಂತೆ" ಅಂದೆ. "ಆಂ?" ಅಂದರು. "ಬೆಕ್ಕಿನ ಮರಿಯಂತೆ! ಮಗು ಅಲ್ಲವಂತೆ!" ಎಂದು ಕೂಗಿದೆ. ಇಡೀ ಬೀದಿಗೆ ಕೇಳಿಸಿತು. ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆದು ನನ್ನನ್ನೇ ನೋಡಿದ. ನಗುತ್ತಾನೆ ಎಂದುಕೊಂಡೆ. ಬಾಯಿಗೆ ಬಂದದ್ದು ಆಡದೆ ಬಿಟ್ಟವನಲ್ಲ. ಅವತ್ತು ಏನೂ ಆಡಲಿಲ್ಲ. "ಏನಾದ್ರೂ ಅನ್ನೋ, ಒಂದು ಗೇಲಿಯಾದ್ರೂ ಮಾಡೋ" ಅಂದೆ. "ಒಳಗೆ ಹೋಗಕ್ಕಾ, ಬಿಸಿಲು" ಅಂದ. ನಿನ್ನನ್ನು ಬೈದು ಮುಗಿಸಬೇಕು ಎಂದಿದ್ದವಳು ಆ ಮಾತು ಕೇಳಿ ಒಳಗೆ ಹೋಗಿ ಹತ್ತಿಯ ರಾಶಿಯ ಮೇಲೆ ಕೂತುಬಿಟ್ಟೆ.

ನಿನ್ನ ದೊಡ್ಡಪ್ಪ ಅವತ್ತಿನಿಂದ ಏನೂ ಕೇಳಿಲ್ಲ. ಎಡಗಿವಿಗೂ ರಜೆ ಕೊಟ್ಟ ಹಾಗೆ ಕೂತಿದ್ದಾರೆ. ಸೋತ ಪಣವನ್ನು ಮಾತ್ರ ಬಿಟ್ಟಿಲ್ಲ, ವಾರ ಮುಗಿದು ಎಷ್ಟು ದಿನವಾದರೂ ಪಾತ್ರೆ ಅವರೇ ತೊಳೆಯುತ್ತಾರೆ. ನಾನು ಬೇಡ ಎಂದಿಲ್ಲ.

ಹೇಗೆ ಬರೆಯಲಿ ಇದನ್ನು. ಡಬ್ಬದಲ್ಲಿ ಸಿಕ್ಕಿತೆಂದು ನಾನು ನಂಬಿದ, ನಿನ್ನ ಮನೆಗೆ ಬಾರದ ಆ ಮಗು ನನ್ನ ಮನೆಗೆ ಬಂದಿತ್ತು, ಚೂಟಿ. ಅದಕ್ಕೆ ಗುಂಗುರು ಕೂದಲಿತ್ತು. ಮೂಟೆಯ ಮೇಲಿಂದ ಹತ್ತಿಯ ರಾಶಿಗೆ ಧುಮುಕುತ್ತಿತ್ತು. ನಾನು ಬೈಯುತ್ತಿದ್ದೆ, ನಿಜವಾಗಿ ಬಾಯಿಬಿಟ್ಟು ಬೈಯುತ್ತಿದ್ದೆ, ಅಂಗಡಿಯಲ್ಲಿ ಒಬ್ಬಳೇ ಇದ್ದಾಗ. ನಿನ್ನದು ಬೆಕ್ಕಾಯಿತು. ನನ್ನದು ಏನೂ ಆಗಲಿಲ್ಲ. ಅದನ್ನು ಯಾವ ಗೋಡೆಯ ಹತ್ತಿರ ಒಯ್ದು ಬಿಡಲಿ ನಾನು? ಹೋದ ಚಳಿಗಾಲದಲ್ಲಿ ನಾನು ಅಳಲಿಲ್ಲ. ಅಳು ನಿನ್ನದು, ಅದರಲ್ಲಿ ಪಾಲು ಕೇಳಬಾರದು ಎಂದುಕೊಂಡೆ. ಈ ಸಲ ಅತ್ತೆ. ಯಾವ ಮಗುವಿಗೆ ಅಳುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ.

ಸಿಟ್ಟು ಇನ್ನೂ ಇದೆ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮಿಬ್ಬರಲ್ಲಿ ಈಗ ಸುಳ್ಳು ಯಾರು ಬರೆದರೂ ಕಷ್ಟ.

ಬೆಕ್ಕಿನ ವಿಷಯ. ಹಾಸಿಗೆ ವಾಪಸು ಬೇಡ. ಬೆಕ್ಕು ಮಲಗಿದ ಹತ್ತಿಯನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ, ಅದು ಯಾರ ಮನೆಯ ಬೆಕ್ಕಾದರೂ ಸರಿ. ಅದನ್ನು ಬೀದಿಗೂ ಬಿಡಬೇಡ. ತಾಯಿಯೇ ಹೊಡೆದು ಹೋದ ಮೇಲೆ ಅದಕ್ಕೆ ಬೇರೆ ಬಾಗಿಲಿಲ್ಲ. ನೀನು ಮಾಡಿದ್ದು, ನೀನೇ ಸಾಕು. ಹೆಬ್ಬೆರಳನ್ನು ಡಾಕ್ಟರಿಗೆ ತೋರಿಸಿದೆಯಾ? ನಾನು ಹಲ್ಲು ಬಂದ ಮಗು ಎಂದು ಸುಮ್ಮನಿದ್ದೆ. ಬೆಕ್ಕು ಕಚ್ಚಿದ್ದು ಎಂದರೆ ಸೂಜಿ ಬೇಕು, ಇವತ್ತೇ ಹೋಗು.

ಇಪ್ಪತ್ತೆಂಟಕ್ಕೆ ನಾನು ಬಾರದಿದ್ದದ್ದು ಸಿಟ್ಟಿನಿಂದ ಎಂದುಕೊಂಡಿರುತ್ತೀಯ. ಅರ್ಧ ಅದೇ. ಇನ್ನರ್ಧ, ಬಂದು ನಿನ್ನ ಮುಂದೆ ಕೂತರೆ ಏನು ಮಾತಾಡಬೇಕು ಎಂದು ತೋಚಲಿಲ್ಲ. ಇಷ್ಟು ದಿನ ಇಲ್ಲದ ಮಗುವಿನ ಬಗ್ಗೆ ಎಷ್ಟೊಂದು ಕೇಳಿದೆ, ಎಷ್ಟೊಂದು ಲೆಕ್ಕ ಹಾಕಿದೆ ನಾನು. ಹೆಣ್ಣೋ ಗಂಡೋ, ವರ್ಷ ತುಂಬಿತೋ, ಹಲ್ಲು ಬಂದಿವೆಯೋ. ಇದ್ದ ಮಗುವಿನ ಬಗ್ಗೆ ಒಂದನ್ನೂ ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಅವಳು ಯಾರ ಹಾಗಿದ್ದಳು? ಮೂಗು ನಿನ್ನದೇ, ಅಳಿಯಂದಿರದೇ? ಕೂದಲಿತ್ತೇ? ನಿನ್ನ ಕೈಗೆ ಕೊಟ್ಟಿದ್ದರೇ ಅವಳನ್ನು? ಕಣ್ಣು ಬಿಟ್ಟು ನೋಡಿದಳೇ? ನನ್ನ ತಲೆಯಲ್ಲಿ ಗುಂಗುರು ಕೂದಲಿನದು ಕೂತುಬಿಟ್ಟಿದೆ, ಅವಳಿಗೆ ಜಾಗವಾಗಬೇಕು. ಬೇರೆ ಏನೂ ಬರೆಯಬೇಡ. ಊಟದ ಬಿಡುವಿನಲ್ಲಿ ಬರೆಯಬೇಡ, ಮನೆಯಲ್ಲಿ ಕೂತು ಬರಿ. ಎಷ್ಟು ಉದ್ದವಾದರೂ ಓದುತ್ತೇನೆ. ಬೇಗ ಬರಿ ತಾಯಿ.

ದೊಡ್ಡಮ್ಮ